ಬೆಳಗೊಳದ ಕಲ್ಲು, ಮೂಲ್ಕಿಯ ಬಾಗಿಲು

ಶ್ರವಣಬೆಳಗೊಳಕ್ಕೆ ಬರುವವರ ಕಣ್ಣು ಚನ್ನರಾಯಪಟ್ಟಣ ದಾಟುತ್ತಲೇ ಬೆಟ್ಟ ಹುಡುಕತೊಡಗುತ್ತದೆ. ವಿಂಧ್ಯಗಿರಿಯ ನೆತ್ತಿಯ ಗೊಮ್ಮಟ ಬಲು ದೂರದಿಂದಲೇ ಕಾಣುತ್ತಾನೆ. ಬಸ್ಸಿಳಿದವರು ಕಾದ ಬಂಡೆಗೆ ಅಂಜಿ ಕಾಲುಚೀಲ ಕೊಂಡು, 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಚಾವುಂಡರಾಯ ನಿಲ್ಲಿಸಿದ ಮೂರ್ತಿಯ ಪಾದದ ಬಳಿ ಸ್ವಲ್ಪ ಹೊತ್ತು ಮೌನವಾಗಿ ನಿಂತು, ಇಳಿದು, ಎಳನೀರು ಕುಡಿದು ಊರಿನ ದಾರಿ ಹಿಡಿಯುತ್ತಾರೆ. ನಾನು ಬಂದದ್ದು ಬೆಟ್ಟದ ಕೆಳಗಿನ ಭಂಡಾರಿ ಬಸದಿಗೆ. ಅಲ್ಲಿರುವ ಒಂದು ಶಾಸನವನ್ನು ನೋಡಬೇಕಿತ್ತು.

ಸರ್ಕಾರಕ್ಕೂ ಧರ್ಮಕ್ಕೂ ಇರಬೇಕಾದ ಸಂಬಂಧ ಎಂಥದ್ದು ಎಂಬ ಚರ್ಚೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ದೆಹಲಿಯಿಂದ ಶುರುಮಾಡುತ್ತಾರೆ. ಸಂವಿಧಾನ ಸಭೆ, ನೆಹರೂ, ಅಂಬೇಡ್ಕರ್ ಬರುತ್ತಾರೆ. ಆಮೇಲೆ ಅಮೆರಿಕ, 1905ರಲ್ಲಿ ಚರ್ಚಿನ ನಂಟನ್ನು ಕಾನೂನಿನಿಂದಲೇ ಕಡಿದುಕೊಂಡ ಫ್ರಾನ್ಸ್ ಬರುತ್ತವೆ. ಅದೇ ಪ್ರಶ್ನೆಯನ್ನು ಹಿಡಿದು ನಮ್ಮ ರಸ್ತೆಗಳಲ್ಲೇ ಅಲೆಯಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು. ಬೆಳಗೊಳ, ಶೃಂಗೇರಿ, ಆಗುಂಬೆ ಘಾಟಿ, ಉಡುಪಿ, ಮೂಲ್ಕಿ: ಆರೂವರೆ ಶತಮಾನಗಳಲ್ಲಿ ಈ ನಾಡು ಆ ಪ್ರಶ್ನೆಗೆ ಕೊಟ್ಟ ಉತ್ತರಗಳು ಈ ದಾರಿಯಲ್ಲಿ ಒಂದಾದ ಮೇಲೊಂದರಂತೆ ಸಿಗುತ್ತವೆ.

ಭಂಡಾರಿ ಬಸದಿಯನ್ನು ಕಟ್ಟಿಸಿದವನು ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ, 1159ರಲ್ಲಿ. ಬೆಳಗೊಳದ ಬಸದಿಗಳಲ್ಲೆಲ್ಲ ಇದೇ ದೊಡ್ಡದು. ಒಳಗೆ ಇಪ್ಪತ್ನಾಲ್ಕು ತೀರ್ಥಂಕರರು ಒಂದೇ ಸಾಲಿನಲ್ಲಿ ನಿಂತಿದ್ದಾರೆ. ನಾನು ಹುಡುಕಿ ಬಂದ ಶಾಸನ ಅದಕ್ಕೆ ಎರಡು ಶತಮಾನಗಳ ನಂತರದ್ದು: ಶಕವರ್ಷ 1290, ಅಂದರೆ ಕ್ರಿ.ಶ. 1368. ಆಗ ವಿಜಯನಗರದ ದೊರೆ ಬುಕ್ಕರಾಯ.

ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಯ ಜೈನರು, ಭಕ್ತರಿಂದ, ಅಂದರೆ ಶ್ರೀವೈಷ್ಣವರಿಂದ, ತಮಗೆ ಅನ್ಯಾಯವಾಗುತ್ತಿದೆ ಎಂದು ಅರಸನಿಗೆ ಬಿನ್ನಹ ಮಾಡಿಕೊಂಡರು. ಜಗಳದ ವಿಷಯ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು. ಇಷ್ಟಕ್ಕೇ ಜಗಳವೇ ಎಂದು ಇವತ್ತಿನ ಯಾರಾದರೂ ಕೇಳಿಯಾರು. ಆದರೆ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಯಾರ ಮನೆಯ ಮುಂದೆ ವಾದ್ಯ ನಿಲ್ಲಬೇಕು, ಮೈಕಿನ ಸದ್ದು ಎಷ್ಟಿರಬೇಕು ಎಂಬಲ್ಲಿಂದಲೇ ನಮ್ಮ ಕಾಲದ ಗಲಭೆಗಳೂ ಹುಟ್ಟುತ್ತವೆ. ಊರಿನಲ್ಲಿ ಯಾರಿಗೆ ಎಷ್ಟು ಜಾಗವಿದೆ ಎಂಬುದು ವಾದ್ಯದ ಸದ್ದಿನಲ್ಲೇ ತೀರ್ಮಾನವಾಗುತ್ತದೆ.

ಬುಕ್ಕರಾಯ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿದ. ಆ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲದವರೂ ಇದ್ದಾರೆ. ಸಮಾಜ ತೀರ ಕೆಳಗಿಟ್ಟಿದ್ದ ಜನ ಈ ಒಪ್ಪಂದದಲ್ಲಿ ಹೆಸರು ಪಡೆದ ಪಾಲುದಾರರು. ಅವರೆಲ್ಲರ ಎದುರಿಗೆ ಅರಸ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂದ. ಪಂಚಮಹಾವಾದ್ಯವೂ ಕಲಶವೂ ಜೈನ ದರ್ಶನಕ್ಕೆ ಮೊದಲಿನಂತೆಯೇ ಸಲ್ಲಬೇಕು. ಭಕ್ತರಿಂದಾಗಿ ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ, ಅದನ್ನು ತಮ್ಮ ದರ್ಶನಕ್ಕೇ ಆದ ಹಾನಿ, ವೃದ್ಧಿ ಎಂದು ವೈಷ್ಣವರು ತಿಳಿಯಬೇಕು. ರಾಜ್ಯದ ಬಸದಿಗಳಲ್ಲೆಲ್ಲ ಈ ಶಾಸನವನ್ನು ಅವರೇ ನೆಡಿಸಬೇಕು. ಕಟ್ಟಳೆ ಇಲ್ಲಿಗೇ ಮುಗಿಯುವುದಿಲ್ಲ. ನಾಡಿನ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯ ಎಂಬವರು ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಟ್ಟು, ಉಳಿದದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಶಾಸನ ಶುರುವಾಗುವುದು ರಾಮಾನುಜರ ಸ್ತುತಿಯಿಂದ. ಪರಮತಗಳನ್ನು ಸುಡುವ ಬೆಂಕಿ ಎಂದು ಅವರನ್ನು ಹೊಗಳುವ ಶ್ಲೋಕ ಅದು. ಅಂಥ ಶ್ಲೋಕದ ಕೆಳಗೇ, ಪರಮತಕ್ಕೆ ಆದ ಹಾನಿ ನಮ್ಮ ಹಾನಿ ಎಂಬ ಮಾತನ್ನು ಅದೇ ಜನ ಒಪ್ಪಿ ಕೆತ್ತಿಸಿದ್ದಾರೆ. ಯಾರೂ ತಮ್ಮ ಶ್ರದ್ಧೆ ಬಿಟ್ಟುಕೊಡಲಿಲ್ಲ. ಅರಸನೂ ಬಿಡಲಿಲ್ಲ, ಅವನು ವೈದಿಕ ಮಾರ್ಗವನ್ನು ಸ್ಥಾಪಿಸಿದವನೆಂದು ಬಿರುದು ಪಡೆದವನು, ಸಾಯಣರ ವೇದಭಾಷ್ಯಕ್ಕೆ ಆಶ್ರಯ ಕೊಟ್ಟವನು. ತನ್ನದೇ ನಂಬಿಕೆಯಲ್ಲಿ ಗಟ್ಟಿಯಾಗಿ ನಿಂತ ದೊರೆ ತನ್ನ ನಂಬಿಕೆಗೆ ಸೇರದ ಸಣ್ಣ ಸಮುದಾಯದ ಬಿನ್ನಹ ಕೇಳಿ, ದೊಡ್ಡ ಸಮುದಾಯವನ್ನು ಹೊಣೆಯಾಗಿಸಿದ. ಬಡವನ ಸಾಲಕ್ಕೆ ಊರಿನ ಅನುಕೂಲಸ್ಥ ಜಾಮೀನು ನಿಲ್ಲುವ ಹಾಗೆ ಇಲ್ಲಿ ಅರಸು ಜಾಮೀನು ನಿಂತಿದೆ. ಕೊರತೆಗಳೂ ಇವೆ. ಕಾವಲಿನ ಖರ್ಚು ಬಿದ್ದದ್ದು ಅನ್ಯಾಯಕ್ಕೆ ಒಳಗಾದವರ ಮೇಲೆಯೇ. ಆದರೂ ಬಲವಿದ್ದವರ ಮೇಲೆ ಹೊಣೆ ಹೊರಿಸಿದ ಈ ಕ್ರಮವನ್ನು ನೋಡಿದಾಗ ನನಗೆ ಅಪಾರ ಗೌರವ ಹುಟ್ಟಿತು.

ಬಸದಿಯಿಂದ ಹೊರಬಂದು ಬೆಟ್ಟವನ್ನೊಮ್ಮೆ ನೋಡಿದೆ. ಇಂದಿನ ಸರ್ಕಾರವೂ ಇಲ್ಲಿಂದ ದೂರ ನಿಂತಿಲ್ಲ. ಮೂರ್ತಿಯ ರಕ್ಷಣೆ ಪುರಾತತ್ವ ಇಲಾಖೆಯದು. ಮೂರ್ತಿಗೆ ಸಾವಿರ ವರ್ಷ ತುಂಬಿದ 1981ರ ಮಹಾಮಸ್ತಕಾಭಿಷೇಕದಲ್ಲಿ ಪ್ರಧಾನಿ ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂಮಳೆಗರೆದರು. 2018ರಲ್ಲಿ ರಾಜ್ಯ ಸರ್ಕಾರ ರಸ್ತೆ, ನೀರು, ತಾತ್ಕಾಲಿಕ ಉಪನಗರಗಳನ್ನು ಒದಗಿಸಿತು. ಧರ್ಮ ಮತ್ತು ಪ್ರಭುತ್ವದ ನಡುವೆ ಗೋಡೆ ಇರಬೇಕೆನ್ನುವವರಿಗೆ ಈ ಊರಿನಲ್ಲಿ ಆ ಗೋಡೆಯ ಬುನಾದಿಯೂ ಸಿಗುವುದಿಲ್ಲ. ನಮ್ಮ ನಾಡಿನಲ್ಲಿ ಪ್ರಭುತ್ವ ಎಂದಿಗೂ ದೇವಸ್ಥಾನದ ಅಂಗಳದಲ್ಲೇ ಇದ್ದದ್ದು. ಅಲ್ಲಿ ಅದು ಯಾರ ಪರವಾಗಿ ನಿಂತಿದೆ, ಯಾರಿಗೆ ಲೆಕ್ಕ ಕೊಡುತ್ತದೆ ಎಂಬುದನ್ನು ನಾವು ಕೇಳಬೇಕು.

ಹಾಸನ, ಬೇಲೂರು, ಚಿಕ್ಕಮಗಳೂರು ದಾಟಿ ಬಾಳೆಹೊನ್ನೂರಿನ ದಾರಿಯಲ್ಲಿ ಬಸ್ಸು ಮಲೆನಾಡಿನೊಳಗೆ ಇಳಿಯಿತು. ಪಕ್ಕದ ಸೀಟಿನಲ್ಲಿ ಶೃಂಗೇರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೂತಿದ್ದರು. ನಾನು ಬೆಳಗೊಳದ ವಿಷಯ ಹೇಳಿದ್ದೇ ಅವರು ನೇರವಾಗಿ ಕೇಳಿದರು: “ಸರ್ಕಾರಕ್ಕೆ ದೇವಸ್ಥಾನದ ಉಸಾಬರಿ ಯಾಕೆ ಹೇಳಿ? ಹುಂಡಿ ದುಡ್ಡು ಎಣಿಸ್ಲಿಕ್ಕೆ ಬರ್ತಾರೆ, ಅಷ್ಟೇ.” ಸ್ವಲ್ಪ ಹೊತ್ತಿನ ಮೇಲೆ ತಾವೇ ಮಾತು ಮುಂದುವರಿಸಿದರು. “ನಮ್ಮೂರ ಗುಡಿಗೆ ತಸ್ತೀಕು ಸರಿಯಾಗಿ ಬರ್ತಿಲ್ಲ ಮಾರಾಯ್ರೆ. ಭಟ್ರ ಮನೆ ನಡೀಬೇಕಲ್ಲ? ಅದನ್ನ ಸರ್ಕಾರ ನೋಡ್ಬೇಕೋ ಬೇಡ್ವೋ?”

ಅವರ ಎರಡು ಮಾತುಗಳಲ್ಲೂ ನಿಜವಿದೆ. ಇನಾಂ ಭೂಮಿ ರದ್ದಾದ ಮೇಲೆ ಸಣ್ಣ ಗುಡಿಗಳ ದೀಪದ ಎಣ್ಣೆ ತಸ್ತೀಕಿನ ಮೇಲೆ ನಿಂತಿದೆ. ಕರ್ನಾಟಕದಲ್ಲಿ ಮುಜರಾಯಿ ಇಲಾಖೆಯ ವ್ಯಾಪ್ತಿಯಲ್ಲಿರುವ ದೇವಸ್ಥಾನಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಕೈಬೆರಳೆಣಿಕೆಯ ಶ್ರೀಮಂತ ಕ್ಷೇತ್ರಗಳನ್ನು ಬಿಟ್ಟರೆ ಉಳಿದವು ಊರ ಕೊನೆಯ ಸಣ್ಣ ಗುಡಿಗಳು. ಅತ್ತ ವಕ್ಫ್ ಮಂಡಳಿ ಇದೆ, ಹಜ್ ಸಮಿತಿ ಇದೆ. ಸರ್ಕಾರ ಇಷ್ಟೆಲ್ಲದರಲ್ಲಿ ಕೈಯಾಡಿಸುತ್ತಿರುವಾಗ ಅದರ ಕೈ ಯಾವ ನಿಯಮಕ್ಕೆ ಬದ್ಧವಾಗಿದೆ ಎಂದು ಕೇಳುವ ಅಧಿಕಾರ ಆ ಬೆಳೆಗಾರರಿಗೂ ಇದೆ, ನನಗೂ ಇದೆ.

ಶೃಂಗೇರಿಯಲ್ಲಿ ತುಂಗೆಯ ದಂಡೆಗೆ ಹೋದರೆ ವಿದ್ಯಾಶಂಕರ ದೇಗುಲ, ಶಾರದೆಯ ಗುಡಿ, ಮೆಟ್ಟಿಲಿಗೇ ಬಂದು ಮುತ್ತುವ ಮೀನುಗಳು. ವಿಜಯನಗರದ ಹರಿಹರ ತನ್ನ ತಮ್ಮಂದಿರೊಡನೆ 1346ರಲ್ಲಿ ಇಲ್ಲಿಗೆ ಬಂದು ದತ್ತಿ ಬಿಟ್ಟ. ಅಲ್ಲಿಂದ ಮುಂದೆ ಯಾವ ಅರಸು ಮನೆತನವೂ ಈ ಮಠವನ್ನು ಮರೆತಿಲ್ಲ. ನನ್ನ ಪ್ರಶ್ನೆಗೆ ಬೇಕಾದದ್ದು ಮಾತ್ರ ಟಿಪ್ಪು ಸುಲ್ತಾನನ ಪತ್ರಗಳು.

1791ರಲ್ಲಿ, ಮೈಸೂರಿನ ಮೂರನೆಯ ಯುದ್ಧದ ಹೊತ್ತಿನಲ್ಲಿ, ಮರಾಠ ಪಡೆಯ ಕುದುರೆ ಸವಾರರು ಶೃಂಗೇರಿಯನ್ನು ಕೊಳ್ಳೆ ಹೊಡೆದರು. ಜನ ಸತ್ತರು, ಶಾರದೆಯ ಮೂರ್ತಿ ಪೀಠದಿಂದ ಕದಲಿತು. ಆಗಿನ ಸ್ವಾಮಿಗಳಾದ ಸಚ್ಚಿದಾನಂದ ಭಾರತಿಯವರು ಕಾರ್ಕಳಕ್ಕೆ ಹೋಗಿ ಅಲ್ಲಿಂದ ಟಿಪ್ಪುವಿಗೆ ಬರೆದರು. ಟಿಪ್ಪು ಉತ್ತರ ಬರೆದ. ಇಂಥ ಪುಣ್ಯಸ್ಥಳಕ್ಕೆ ಕೇಡು ಮಾಡಿದವರು ಅದರ ಫಲ ಉಣ್ಣುತ್ತಾರೆಂದು ಖೇದಪಟ್ಟು, ಶಾರದೆಯ ಪುನರ್ಪ್ರತಿಷ್ಠೆಗೆ 200 ರಹತಿ ನಗದನ್ನೂ ಜೊತೆಗೆ ಬೇಕಾದ ಪದಾರ್ಥಗಳನ್ನೂ ಕೊಡುವಂತೆ ಬಿದನೂರಿನ ಅಧಿಕಾರಿಗೆ ಅಪ್ಪಣೆ ಮಾಡಿದ. ಮುಂದೆ ಸ್ವಾಮಿಗಳನ್ನು ಜಗದ್ಗುರು ಎಂದು ಸಂಬೋಧಿಸುತ್ತ ಪಲ್ಲಕ್ಕಿ, ಶಾಲು ಕಳಿಸಿದ. ಸಹಸ್ರಚಂಡಿ ಜಪಕ್ಕೆ ಏರ್ಪಾಡು ಮಾಡಿಸಿದ. ಕನ್ನಡದಲ್ಲಿರುವ ಈ ಪತ್ರಗಳು ಸುಮಾರು ಮೂವತ್ತು. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅವುಗಳನ್ನು 1916ರಲ್ಲಿ ಬೆಳಕಿಗೆ ತಂದರು.

ಇದು ಸತ್ಯ. 1784ರಲ್ಲಿ ಅದೇ ಟಿಪ್ಪು ದಕ್ಷಿಣ ಕನ್ನಡದ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದೂ ಸತ್ಯ. ಮಂಗಳೂರಿನ ಚರ್ಚುಗಳು ಆಗ ನೆಲಸಮವಾದವು. ಕೊಡಗಿನಲ್ಲಿ ಅವನು ನಡೆಸಿದ ದಾಳಿಗಳ ನೆನಪುಗಳು ಇನ್ನೂ ಆರಿಲ್ಲ. ಒಂದು ಸತ್ಯವನ್ನು ಎತ್ತಿಹಿಡಿದು ಇನ್ನೊಂದನ್ನು ಮುಚ್ಚುವ ಕೆಲಸ ನಮ್ಮ ರಾಜಕಾರಣದಲ್ಲಿ ಪ್ರತಿ ವರ್ಷ ನಡೆಯುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಸಿಗುವ ಪಾಠ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬುದಕ್ಕಿಂತ ದೊಡ್ಡದು. ಒಬ್ಬ ಅರಸನ ಮನಸ್ಸೇ ಕಾನೂನಾಗಿರುವಲ್ಲಿ ಶೃಂಗೇರಿಗೆ ಸಿಕ್ಕ ರಕ್ಷಣೆ ಮಂಗಳೂರಿಗೆ ಸಿಗಬೇಕೆಂದಿಲ್ಲ. ಸ್ವಾಮಿಗಳಿಗೆ ಸಿಕ್ಕಿದ್ದು ದೊರೆಯ ಒಲುಮೆ. ಮಂಗಳೂರಿನ ಮಿಲಾಗ್ರಿಸ್ ಚರ್ಚಿನ ಜನರಿಗೆ ಆ ಒಲುಮೆ ಇರಲಿಲ್ಲ. ದೊರೆಯ ವಿರುದ್ಧ ದೂರು ಕೊಡಲು ದೊರೆಗಿಂತ ಮೇಲಿನ ಕಟ್ಟೆಯೂ ಇರಲಿಲ್ಲ. ಬುಕ್ಕರಾಯನ ಶಾಸನಕ್ಕೂ ಇದೇ ಮಿತಿ. ಜಾಮೀನು ನಿಂತವನೇ ಮುನಿದರೆ ಯಾರನ್ನು ಕೇಳುವುದು? ಆ ಪ್ರಶ್ನೆಯ ಉತ್ತರ ಘಟ್ಟದ ಕೆಳಗಿತ್ತು.

ಆಗುಂಬೆಯಲ್ಲಿ ದೊಡ್ಡ ಬಸ್ಸುಗಳು ಇಳಿಯುವುದಿಲ್ಲ. ಮಿನಿ ಬಸ್ಸು ಹದಿನಾಲ್ಕು ತಿರುವುಗಳನ್ನು ಇಳಿದು ಸೋಮೇಶ್ವರ, ಹೆಬ್ರಿ ದಾಟಿದರೆ ಗಾಳಿಯೇ ಬದಲಾಗುತ್ತದೆ. ಉಡುಪಿಯ ರಥಬೀದಿಗೆ ಬರುವಾಗ ಸಂಜೆಯಾಗಿತ್ತು. ಅನಂತೇಶ್ವರ, ಚಂದ್ರಮೌಳೀಶ್ವರ, ಕೃಷ್ಣ ಮಠ, ಸುತ್ತ ಅಷ್ಟ ಮಠಗಳು. ತುಳಸಿ ಮಾಲೆ, ಬಳೆ, ಫೋಟೊ ಮಾರುವ ಅಂಗಡಿಯವರೊಬ್ಬರನ್ನು ಶೀರೂರು ಮಠ ಯಾವುದೆಂದು ಕೇಳಿದೆ. ಕೈತೋರಿಸಿ, “ಪರ್ಯಾಯಕ್ಕೆ ಬರ್ಬೇಕು ನೀವು, ಆಗ ಕಾಣ್ಲಿಕ್ಕುಂಟು” ಎಂದರು. ಈ ಮಠದ ಹೆಸರಿನಲ್ಲಿ ಸುಪ್ರೀಂ ಕೋರ್ಟಿನ ಬಹಳ ದೊಡ್ಡ ತೀರ್ಪೊಂದಿದೆ, ದೇಶದ ಕಾನೂನು ಓದುವ ಹುಡುಗರೆಲ್ಲ ಅದನ್ನು ಓದುತ್ತಾರೆ ಎಂದೆ. “ಹೌದಾ? ಇಷ್ಟು ವರ್ಷ ಇಲ್ಲೇ ವ್ಯಾಪಾರ ಮಾಡ್ತಿದ್ದೇನೆ, ನಮಗೆ ಗೊತ್ತೇ ಇಲ್ಲ ಮಾರಾಯ್ರೆ” ಎಂದು ಅಚ್ಚರಿಪಟ್ಟರು.

ಉಡುಪಿಯ ಕೃಷ್ಣಪೂಜೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಪರ್ಯಾಯದ ಪೂಜೆ, ಅನ್ನಸಂತರ್ಪಣೆಗಳ ಖರ್ಚು ಭಾರಿ. ಶೀರೂರಿನ ಲಕ್ಷ್ಮೀಂದ್ರ ತೀರ್ಥರು ಪರ್ಯಾಯಗಳ ಕಾರಣಕ್ಕೆ ಸಾಲಕ್ಕೆ ಸಿಕ್ಕಿದರು. ಆಗ ಉಡುಪಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿನ ಧರ್ಮಾದಾಯ ಮಂಡಳಿ ಮಠದ ಆಡಳಿತದಲ್ಲಿ ಕೈಹಾಕಿತು. ಸ್ವಾಮಿಗಳು ಕೋರ್ಟಿಗೆ ಹೋದರು. ಅಷ್ಟರಲ್ಲಿ ಸಂವಿಧಾನ ಬಂತು, ಮದ್ರಾಸ್ ಸರ್ಕಾರ 1951ರಲ್ಲಿ ಹೊಸ ಧರ್ಮಾದಾಯ ಕಾಯ್ದೆ ತಂದಿತು. ಒಂದು ಮಠದ ಸಾಲದ ತಕರಾರು ದೇಶದ ಪ್ರಶ್ನೆಯಾಗಿ 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಮುಂದೆ ಬಂತು.

ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ ಬರೆದ ತೀರ್ಪು ಸರ್ಕಾರಕ್ಕೂ ಮಠಕ್ಕೂ ಗಡಿ ಹಾಕಿತು. ಆಸ್ತಿಯ ಆಡಳಿತವನ್ನು ಸರ್ಕಾರ ಕಾನೂನಿನ ಮೂಲಕ ನಿಯಂತ್ರಿಸಬಹುದು, ಆದರೆ ಪಂಥದ ಕೈಯಿಂದ ಆಡಳಿತವನ್ನು ಪೂರ್ತಿ ಕಿತ್ತುಕೊಳ್ಳುವಂತಿಲ್ಲ. ಅಧಿಕಾರಿಗಳು ಯಾವ ಹೊತ್ತಿಗೆ ಬೇಕಾದರೂ ಗರ್ಭಗುಡಿಯವರೆಗೂ ನುಗ್ಗಲು ಅವಕಾಶವಿದ್ದ ಕಲಮು ಬಿದ್ದುಹೋಯಿತು. ಇಲಾಖೆ ವಸೂಲು ಮಾಡುತ್ತಿದ್ದ ವಾರ್ಷಿಕ ವಂತಿಗೆ ತೆರಿಗೆಯೇ ಹೊರತು ಸೇವೆಗೆ ಪಡೆಯುವ ಶುಲ್ಕವಲ್ಲ, ಅಂಥ ತೆರಿಗೆ ಹಾಕಲು ರಾಜ್ಯಕ್ಕೆ ಅಧಿಕಾರವಿಲ್ಲ ಎಂದಿತು. ಎಲ್ಲಕ್ಕಿಂತ ಮುಖ್ಯವಾಗಿ, ಧರ್ಮವೆಂದರೆ ಮನಸ್ಸಿನೊಳಗಿನ ನಂಬಿಕೆ ಮಾತ್ರವಲ್ಲ, ಆಚರಣೆಯೂ ಅದರ ಅಂಗ. ಆ ಆಚರಣೆ ಊಟ, ಉಡುಪಿನವರೆಗೂ ಚಾಚಬಹುದು. ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಮೊದಲಾಗಿ ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದಿತು.

ರಥಬೀದಿಯಲ್ಲಿ ನಿಂತು ಇದನ್ನು ನೆನೆದಾಗ ಬುಕ್ಕನಿಗೂ ಟಿಪ್ಪುವಿಗೂ ಇಲ್ಲದ್ದು ನಮಗೆ ಏನು ಸಿಕ್ಕಿದೆ ಎಂಬುದು ಸ್ಪಷ್ಟವಾಯಿತು. ಒಂದು ಮಠದ ಯತಿಗಳು ಸರ್ಕಾರದ ವಿರುದ್ಧ ದಾವೆ ಹೂಡಿ, ಸರ್ಕಾರದ ಕಾಯ್ದೆಯ ಕಲಮುಗಳನ್ನೇ ಹೊಡೆಸಿಹಾಕಿದರು. ಪ್ರಭುತ್ವವೂ ಕೈಕಟ್ಟಿ ನಿಲ್ಲಬೇಕಾದ ಒಂದು ಕಟ್ಟೆ ಬಂದಿತ್ತು.

ಅದೇ ಉಡುಪಿಯಲ್ಲಿ 2021ರ ಕೊನೆಗೆ, ಸರ್ಕಾರಿ ಪದವಿಪೂರ್ವ ಕಾಲೇಜಿನ ಕೆಲವು ಮುಸ್ಲಿಂ ವಿದ್ಯಾರ್ಥಿನಿಯರು ಹಿಜಾಬ್ ಧರಿಸಿ ಬಂದ ಕಾರಣಕ್ಕೆ ತರಗತಿಯಿಂದ ಹೊರಗೆ ನಿಂತರು. 2022ರ ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು. ಕರಾವಳಿಯ ಒಂದು ಕಾಲೇಜಿನ ಮಾತು ರಾಜ್ಯವನ್ನೆಲ್ಲ ಆವರಿಸಿತು. ಕೇಸರಿ ಶಾಲು ಹೊದ್ದ ಹುಡುಗರು ಎದುರಾಬದುರು ನಿಂತರು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಹೇಳಿ ಆದೇಶವನ್ನು ಎತ್ತಿಹಿಡಿಯಿತು. ಅತ್ಯಗತ್ಯ ಆಚರಣೆ ಎಂಬ ಆ ಒರೆಗಲ್ಲು ಶೀರೂರು ಮಠದ ತೀರ್ಪಿನ ಕೂಸು. ಮಠಕ್ಕೆ ರಕ್ಷೆಯಾಗಿ ಉಡುಪಿಯಿಂದ ಹೊರಟ ಮಾತು 68 ವರ್ಷ ದೇಶವನ್ನೆಲ್ಲ ಸುತ್ತಿ, ನ್ಯಾಯಾಲಯವೇ ಧರ್ಮಶಾಸ್ತ್ರದ ಪರೀಕ್ಷಕನಾಗುವ ಮಟ್ಟಕ್ಕೆ ಬೆಳೆದು, ಅದೇ ಊರಿನ ಹುಡುಗಿಯರ ಮುಂದೆ ತಡೆಯಾಗಿ ಬಂದು ನಿಂತಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಆದೇಶವನ್ನು ಒಪ್ಪಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರಿಗೆ ಅತ್ಯಗತ್ಯವೇ ಎಂಬ ಪ್ರಶ್ನೆಯೇ ಇಲ್ಲಿ ಬೇಕಿರಲಿಲ್ಲ. ಒಬ್ಬ ಹುಡುಗಿಯ ಓದು ನಿಲ್ಲುತ್ತದೆಯೇ ಎಂಬುದು ಅವರ ಮನಸ್ಸಿನಲ್ಲಿದ್ದ ಪ್ರಶ್ನೆ.

ಶಾಲೆಗೊಂದು ಸಮವಸ್ತ್ರ ಬೇಕು, ಅದು ಮಕ್ಕಳ ನಡುವಿನ ಮೇಲುಕೀಳನ್ನು ಮರೆಸುತ್ತದೆ ಎಂಬ ವಾದದಲ್ಲಿ ತೂಕವಿದೆ. ಮನೆಯವರ ಒತ್ತಾಯಕ್ಕೆ ತಲೆ ಮುಚ್ಚಿಕೊಂಡ ಹುಡುಗಿಯೂ ಇರಬಹುದು ಎಂಬ ಚಿಂತೆ ನನಗೂ ಇದೆ. ಆದರೆ ಗೇಟು ಮುಚ್ಚಿದಾಗ ಹೊರಗುಳಿಯುವುದು ಆ ಮನೆಯವರಲ್ಲ, ಆ ಹುಡುಗಿ. ಈ ಗಳಿಗೆಯಲ್ಲಿ ನನಗೆ ಬೆಳಗೊಳದ ಕಟ್ಟಳೆ ಹೊಸ ಅರ್ಥದಲ್ಲಿ ಕಂಡಿತು. ಪಂಚಮಹಾವಾದ್ಯ ನಿಮ್ಮ ಆಗಮದಲ್ಲಿ ಅತ್ಯಗತ್ಯವೆಂದು ಸಾಬೀತು ಮಾಡಿ ಎಂದು ಬುಕ್ಕರಾಯ ಜೈನರಿಗೆ ಹೇಳಿದಂತೆ ಆ ಶಾಸನದಲ್ಲಿಲ್ಲ. ಅವರಿಗೆ ಮೊದಲು ಇದ್ದದ್ದು ಮುಂದೆಯೂ ಇರಲಿ ಎಂದ, ಅದನ್ನು ಕಾಯುವ ಹೊಣೆಯನ್ನು ಬಲಶಾಲಿಗಳಿಗೆ ವಹಿಸಿದ. ಬಿನ್ನಹ ತಂದವರ ಶಾಸ್ತ್ರಜ್ಞಾನವನ್ನು ಪರೀಕ್ಷಿಸುವುದು ಪ್ರಭುತ್ವದ ಕೆಲಸವಲ್ಲ. ಅವರಿಗೆ ಆಗುತ್ತಿರುವ ಅನ್ಯಾಯವನ್ನು ಅಳೆಯುವುದು ಅದರ ಕೆಲಸ.

ಮರುದಿನ ದಕ್ಷಿಣಕ್ಕೆ ಹೊರಟೆ. ಹೆದ್ದಾರಿ 66ರಲ್ಲಿ ಕಾಪು, ಪಡುಬಿದ್ರಿ ದಾಟಿದರೆ ಶಾಂಭವಿ ನದಿ, ಅದರಾಚೆ ಮೂಲ್ಕಿ. ಮೊದಲು ಸಿಗುವುದು ಬಪ್ಪನಾಡು ದುರ್ಗಾಪರಮೇಶ್ವರಿ. ಬಪ್ಪ ಎಂಬ ಬ್ಯಾರಿ ಮುಸ್ಲಿಂ ವರ್ತಕನ ದೋಣಿ ಶಾಂಭವಿಯಲ್ಲಿ ನಿಂತುಹೋಯಿತು, ದೇವಿ ಕನಸಿನಲ್ಲಿ ಬಂದಳು, ಅವನು ಊರಿನ ಸಾವಂತನ ನೆರವಿನಿಂದ ಗುಡಿ ಕಟ್ಟಿಸಿದ ಎನ್ನುವುದು ಇಲ್ಲಿನ ಸ್ಥಳಪುರಾಣ. ಅಂಗಳದಲ್ಲಿ ಕೂತಿದ್ದ ಹಿರಿಯರೊಬ್ಬರು, “ಜಾತ್ರೆಗೆ ಆ ಮನೆಗೆ ಈಗಲೂ ಪ್ರಸಾದ ಹೋಗ್ತದೆ, ಅದು ತಪ್ಪಿಸ್ಲಿಕ್ಕಿಲ್ಲ” ಎಂದರು. 2022ರ ಮಾರ್ಚಿನಲ್ಲಿ ಇದೇ ಬಪ್ಪನಾಡಿನ ಜಾತ್ರೆಯ ಹೊತ್ತಿಗೆ, ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎನ್ನುವ ಬ್ಯಾನರುಗಳು ಕಾಣಿಸಿಕೊಂಡವು. ಕರಾವಳಿಯ ಬೇರೆ ಜಾತ್ರೆಗಳಲ್ಲೂ ಹೀಗೇ ಆಯಿತು. ದೇವಸ್ಥಾನದ ಆಸುಪಾಸಿನ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡುವಂತಿಲ್ಲ ಎಂಬ 2002ರ ಮುಜರಾಯಿ ನಿಯಮವೊಂದನ್ನು ಅದಕ್ಕೆ ಆಧಾರವಾಗಿ ಸರ್ಕಾರವೇ ವಿಧಾನಸಭೆಯಲ್ಲಿ ಎತ್ತಿಹೇಳಿತು. ಮಲ್ಲಿಗೆ, ಬಳೆ, ಐಸ್‌ಕ್ರೀಂ, ಆಟಿಕೆ ಮಾರಿ ವರ್ಷದ ಆರು ತಿಂಗಳನ್ನು ಜಾತ್ರೆಯಿಂದ ಜಾತ್ರೆಗೆ ಅಲೆದು ಕಳೆಯುವ ಬಡ ಸಂಸಾರಗಳ ಅನ್ನದ ಪ್ರಶ್ನೆ ಇದು. ಇಲ್ಲಿ ಜಾಮೀನುದಾರನೇ ಕೈ ಬಿಟ್ಟ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಬಪ್ಪನಾಡಿನಿಂದ ಸ್ವಲ್ಪ ದೂರದಲ್ಲೇ ಮೂಲ್ಕಿಯ ಶ್ರೀ ವೆಂಕಟರಮಣ ದೇವಸ್ಥಾನ. ಗೌಡ ಸಾರಸ್ವತ ಬ್ರಾಹ್ಮಣರು ತಮ್ಮ ಸಮಾಜಕ್ಕಾಗಿ ಕಟ್ಟಿಕೊಂಡ ಗುಡಿ. ದಲಿತರಿಗೆ ದೇವಸ್ಥಾನಗಳ ಬಾಗಿಲು ತೆರೆಯುವ ಮದ್ರಾಸ್ ಕಾಯ್ದೆ 1947ರಲ್ಲಿ ಬಂದಾಗ, ಇದು ನಮ್ಮ ಪಂಥದ ಗುಡಿ, ಯಾರು ಒಳಗೆ ಬರಬೇಕೆಂಬುದು ನಮ್ಮ ಧರ್ಮದ ವಿಷಯ ಎಂದು ಇಲ್ಲಿನ ಮೊಕ್ತೇಸರರು 1949ರಲ್ಲಿ ದಾವೆ ಹೂಡಿದರು. ರಾಜ್ಯ ಪುನರ್ವಿಂಗಡಣೆಯಾಗಿ ಮೂಲ್ಕಿ ಮೈಸೂರಿಗೆ ಸೇರಿದ್ದರಿಂದ ಆ ವ್ಯಾಜ್ಯ ವೆಂಕಟರಮಣ ದೇವರು ಮತ್ತು ಮೈಸೂರು ರಾಜ್ಯದ ನಡುವಿನ ಪ್ರಕರಣವೆಂದು ಹೆಸರಾಯಿತು.

ಬೆಳಗೊಳದ ಪಾಠ ಇಲ್ಲಿ ಸಾಲದಾಗುತ್ತದೆ. ಮೊದಲಿನಂತೆ ಎಂಬ ಸೂತ್ರ ಹಿಡಿದರೆ ಮೊಕ್ತೇಸರರ ವಾದವೇ ಗೆಲ್ಲಬೇಕು, ಏಕೆಂದರೆ ಮೊದಲಿನಿಂದಲೂ ಬಾಗಿಲು ಮುಚ್ಚಿಯೇ ಇತ್ತು. ರೂಢಿ ದುರ್ಬಲರ ವಾದ್ಯವನ್ನು ಕಾಯುತ್ತದೆ, ದುರ್ಬಲರ ಮುಖಕ್ಕೇ ಬಾಗಿಲನ್ನೂ ಹಾಕುತ್ತದೆ. ಬುಕ್ಕರಾಯನ ಮುಂದೆ ಇದ್ದದ್ದು ದರ್ಶನಗಳು, ಸಮುದಾಯಗಳು. ಒಂದು ಸಮುದಾಯದೊಳಗೇ ಹೊರಗೆ ನಿಲ್ಲಿಸಲ್ಪಟ್ಟ ಒಬ್ಬ ಮನುಷ್ಯ ತನ್ನ ಹೆಸರಿನಲ್ಲಿ ಬಿನ್ನಹ ತರಬಹುದೆಂಬ ಕಲ್ಪನೆ ಆ ಕಾಲಕ್ಕಿರಲಿಲ್ಲ. ಶಾಸನದಲ್ಲಿ ಹೆಸರು ಪಡೆದ ತಿರುಕುಲ, ಜಾಂಬವಕುಲಗಳ ಮಕ್ಕಳು ಆರುನೂರು ವರ್ಷ ಕಳೆದರೂ ಎಷ್ಟೋ ಗುಡಿಗಳ ಹೊರಗೇ ಇದ್ದರು.

ಸುಪ್ರೀಂ ಕೋರ್ಟಿಗೆ ಎರಡು ಹಕ್ಕುಗಳು ಎದುರಾಗಿದ್ದವು: ತನ್ನ ಧಾರ್ಮಿಕ ವಿಷಯಗಳನ್ನು ತಾನೇ ನೋಡಿಕೊಳ್ಳುವ ಪಂಥದ ಹಕ್ಕು, ಅಂದರೆ ಸಂವಿಧಾನದ 26ನೆಯ ವಿಧಿ, ಸಾರ್ವಜನಿಕ ಸ್ವರೂಪದ ಹಿಂದೂ ಸಂಸ್ಥೆಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯಲು ಸರ್ಕಾರಕ್ಕೆ ಅಧಿಕಾರ ಕೊಡುವ 25ನೆಯ ವಿಧಿ. ಇದು ಸಾರಸ್ವತರ ಪಂಥದ ದೇವಸ್ಥಾನವೇ ಹೌದು, ಆದರೆ ಬಾಗಿಲು ತೆರೆಯಬೇಕು ಎಂದು ನ್ಯಾಯಮೂರ್ತಿ ಟಿ.ಎಲ್. ವೆಂಕಟರಾಮ ಅಯ್ಯರ್ ಬರೆದರು. ಕೆಲವು ವಿಶೇಷ ಸೇವೆಗಳ ಹೊತ್ತಿಗೆ ಮಾತ್ರ ಆ ಸಮಾಜದವರಷ್ಟೇ ಇರಲು ಅವಕಾಶ ಉಳಿಯಿತು. ಪಂಥದ ಅಸ್ತಿತ್ವವನ್ನು ಅಲ್ಲಗಳೆಯದೆ, ಅದರ ಹೆಸರಿನಲ್ಲಿ ಮನುಷ್ಯನನ್ನು ಹೊರಗಿಡುವುದನ್ನು ಒಪ್ಪದೆ ನಡೆದ ತೀರ್ಪು ಅದು.

ನಾನು ಹೋದಾಗ ಮಧ್ಯಾಹ್ನದ ಪೂಜೆ ಮುಗಿದು ಜನ ಹೊರಬರುತ್ತಿದ್ದರು. ಯಾರ ಜಾತಿ ಯಾವುದೆಂದು ಯಾರೂ ಕೇಳುವ ಹಾಗೆ ಕಾಣಲಿಲ್ಲ. ಗುಡಿಗೆ ಕೇಡಾಗಿಲ್ಲ, ದೇವರ ಮಹಿಮೆ ತಗ್ಗಿಲ್ಲ, ಸಾರಸ್ವತರ ಭಕ್ತಿಯೂ ಕುಗ್ಗಿಲ್ಲ. ಸರ್ಕಾರ ಧರ್ಮದಲ್ಲಿ ಕೈಯಾಡಿಸಲೇಬಾರದು ಎಂದು ಹಟ ಹಿಡಿದಿದ್ದರೆ ಈ ಬಾಗಿಲು ಯಾವಾಗ ತೆರೆಯುತ್ತಿತ್ತೋ ಹೇಳಲಾಗದು. ಹಾಗೆಂದು ಸರ್ಕಾರದ ಕೈಗೆ ಕಡಿವಾಣವೇ ಇಲ್ಲದಿದ್ದರೆ ಶೀರೂರಿನ ಗರ್ಭಗುಡಿಗೆ ಗುಮಾಸ್ತ ನುಗ್ಗುತ್ತಾನೆ, ಜಾತ್ರೆಯ ಅಂಗಳದಿಂದ ಬಳೆಗಾರ ಹೊರಗೆ ಹೋಗುತ್ತಾನೆ. ಈ ದಾರಿ ನನಗೆ ಕಲಿಸಿದ್ದು ಇಷ್ಟು: ಪ್ರಭುತ್ವ ದೊಡ್ಡ ಸಮುದಾಯದೆದುರು ಸಣ್ಣ ಸಮುದಾಯಕ್ಕೆ ಜಾಮೀನು ನಿಲ್ಲಬೇಕು, ಯಾವುದೇ ಸಮುದಾಯದೆದುರು ಒಂಟಿ ಮನುಷ್ಯನಿಗೆ ಜಾಮೀನು ನಿಲ್ಲಬೇಕು, ತಾನೇ ತಪ್ಪಿದಾಗ ನ್ಯಾಯಾಲಯದ ಕಟಕಟೆಯಲ್ಲಿ ಉತ್ತರ ಕೊಡಬೇಕು. ಮೂರರಲ್ಲಿ ಒಂದು ಬಿಟ್ಟರೂ ಉಳಿದೆರಡು ನಿಲ್ಲುವುದಿಲ್ಲ.

ಇಂಥ ತೀರ್ಪುಗಳ ಸಾಲಿನಲ್ಲಿ ನಮ್ಮ ನಾಡಿನ ಇನ್ನೊಂದು ಹೆಸರೂ ಇದೆ. 1989ರ ಏಪ್ರಿಲಿನಲ್ಲಿ ವಜಾ ಆದ ಎಸ್.ಆರ್. ಬೊಮ್ಮಾಯಿ ಸರ್ಕಾರದ ಪ್ರಕರಣ, ಬೇರೆ ರಾಜ್ಯಗಳ ಪ್ರಕರಣಗಳ ಜೊತೆ ಸೇರಿ, 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಮುಂದೆ ತೀರ್ಮಾನವಾಯಿತು. ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ರಚನೆಯ ಭಾಗ, ಯಾವ ಸರ್ಕಾರವೂ ಅದನ್ನು ಬಿಟ್ಟು ನಡೆಯುವಂತಿಲ್ಲ ಎಂದು ದೇಶಕ್ಕೆಲ್ಲ ಖಚಿತವಾಗಿ ಹೇಳಿದ್ದು ಆ ತೀರ್ಪು. ಶೀರೂರು, ಮೂಲ್ಕಿ, ಬೊಮ್ಮಾಯಿ: ಈ ತತ್ವಕ್ಕೆ ಭಾರತ ಕೊಟ್ಟ ಬಹುಮುಖ್ಯ ವ್ಯಾಖ್ಯಾನಗಳಲ್ಲಿ ಮೂರು ಕನ್ನಡ ನಾಡಿನ ಹೆಸರು ಹೊತ್ತಿವೆ. ಹೊರಗಿನಿಂದ ತಂದು ನಮ್ಮ ಮೇಲೆ ಹೇರಿದ ತತ್ವವಿದು ಎನ್ನುವವರು ಈ ಹೆಸರುಗಳನ್ನು ಒಮ್ಮೆ ಓದಬೇಕು. ಇವು ನಮ್ಮ ಮಠದ ಸಾಲದಿಂದ, ನಮ್ಮ ಗುಡಿಯ ಬಾಗಿಲಿನಿಂದ, ನಮ್ಮ ವಿಧಾನಸೌಧದ ಜಗಳದಿಂದ ಹುಟ್ಟಿಕೊಂಡವು.

ಆದ್ದರಿಂದ ನನ್ನದೊಂದು ಒತ್ತಾಯವಿದೆ. ಸಂವಿಧಾನದ ಪೀಠಿಕೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಗಟ್ಟಿಯಾಗಿ ಓದುತ್ತಾರೆ, ಅದು ಒಳ್ಳೆಯದು. ಅದರ ಜೊತೆಗೆ ಬೆಳಗೊಳದ 1368ರ ಶಾಸನವನ್ನೂ ಈ ಮೂರು ತೀರ್ಪುಗಳ ಸಾರವನ್ನೂ ಸರಳ ಕನ್ನಡದಲ್ಲಿ ಹೈಸ್ಕೂಲಿನ ಪುಸ್ತಕಕ್ಕೆ ತರಬೇಕು. ಉಡುಪಿಯ ಮಕ್ಕಳನ್ನು ಶೀರೂರು ಮಠದ ಮುಂದೆ ನಿಲ್ಲಿಸಿ, ಮೂಲ್ಕಿಯ ಮಕ್ಕಳನ್ನು ವೆಂಕಟರಮಣನ ಬಾಗಿಲಿಗೆ ಕರೆದುಕೊಂಡು ಹೋಗಿ, ಇಲ್ಲಿ ಯಾರು ಯಾರ ವಿರುದ್ಧ ದೂರು ತಂದರು, ಪ್ರಭುತ್ವ ಯಾರ ಕೈ ಹಿಡಿಯಿತು, ನೀವಾಗಿದ್ದರೆ ಏನು ತೀರ್ಪು ಕೊಡುತ್ತಿದ್ದಿರಿ ಎಂದು ಕೇಳಬೇಕು. ಮಕ್ಕಳು ವಾದ ಮಾಡಲಿ, ಭಿನ್ನಮತ ಬರಲಿ, ಹಿಜಾಬಿನ ಪ್ರಶ್ನೆಯನ್ನೂ ಅವರೇ ಎತ್ತಲಿ. ನಾಳೆ ಆಡಳಿತ ಮಂಡಳಿಯಲ್ಲಿ, ಪಂಚಾಯಿತಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ನ್ಯಾಯಪೀಠದಲ್ಲಿ ಕೂರುವವರು ಈ ಮಕ್ಕಳೇ; ಅಂದು ಕೆಲವೇ ಜನ ಬಿನ್ನಹ ಹಿಡಿದು ಬಂದಾಗ ಅದನ್ನು ಕೇಳುವ ಅಭ್ಯಾಸ ಅವರಿಗೆ ಈಗಿನಿಂದಲೇ ಆಗಬೇಕು.